ಸ್ಟೆಪ್ನಿ ಎಲ್ಲಿಟ್ಟಿದ್ದೀರಿ?

ಹೈದರಾಬಾದಿನ ಯಾವ ಪಂಕ್ಚರ್ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ಸ್ಟೆಪ್ನಿ ಮೇ ಹವಾ ಹೈ ಕ್ಯಾ ಸಾಬ್?" ಕನ್ನಡದಲ್ಲೂ ನಾವು ಸ್ಟೆಪ್ನಿ ಎಂದೇ ಅನ್ನುತ್ತೇವೆ, ತೆಲುಗಿನವರೂ ಅಷ್ಟೇ. ಇದು ಎಲ್ಲಿಂದ ಬಂದ ಪದ ಎಂದು ನಾನು ಬಹಳ ವರ್ಷ ಯೋಚಿಸಿಯೇ ಇರಲಿಲ್ಲ.

ಅದೊಂದು ಬೀದಿಯ ಹೆಸರು! ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಸ್ಟ್ರೀಟ್ ಇದೆ. ಅಲ್ಲಿ ಅಂಗಡಿ ಇಟ್ಟಿದ್ದ ಥಾಮಸ್ ಮೋರಿಸ್ ಡೇವಿಸ್ ಮತ್ತು ಅವನ ಸಹೋದರ ವಾಲ್ಟರ್ 1904ರಲ್ಲಿ ಒಂದು ಉಪಾಯ ಮಾಡಿದರು. ಆಗಿನ ಕಾರುಗಳ ಚಕ್ರ ಬಿಚ್ಚಲು ಬರುತ್ತಿರಲಿಲ್ಲ. ಪಂಕ್ಚರ್ ಆದರೆ ದಾರಿಯಲ್ಲೇ ಕೂತು ಟೈರು ಕಿತ್ತು ತೇಪೆ ಹಾಕಬೇಕು. ಇವರು ಕಡ್ಡಿಗಳಿಲ್ಲದ ಬರೀ ರಿಮ್ಮಿಗೆ ಗಾಳಿ ತುಂಬಿದ ಟೈರು ಹಾಕಿ, ಅದನ್ನು ಗಾಳಿ ಹೋದ ಚಕ್ರದ ಪಕ್ಕಕ್ಕೇ ಕ್ಲ್ಯಾಂಪಿನಿಂದ ಬಿಗಿಯುವಂತೆ ಮಾಡಿದರು. ಮುಂದೆ ಬೋಲ್ಟ್ ಬಿಚ್ಚಿ ತೆಗೆಯುವ ಚಕ್ರಗಳು ಬಂದವು, ಸ್ಟೆಪ್ನಿಯ ಕೆಲಸ ಮುಗಿಯಿತು. ಹೆಸರು ಮಾತ್ರ ನಮ್ಮಲ್ಲಿ ಉಳಿಯಿತು.

ಆಮೇಲೆ ಶುರುವಾದದ್ದೇ ಇದನ್ನು ಎಲ್ಲಿಡುವುದು ಎಂಬ ತಲೆನೋವು. ಹಳೆಯ ಕಾರುಗಳಲ್ಲಿ ಮಡ್‌ಗಾರ್ಡಿನ ಪಕ್ಕದಲ್ಲೋ ಬೆನ್ನಿನ ಮೇಲೋ ಎಲ್ಲರಿಗೂ ಕಾಣುವಂತೆ ಇರುತ್ತಿತ್ತು. ಜೀಪಿಗೂ ಹಾಗೆಯೇ. ನಮ್ಮ ಚೇತಕ್ ಸ್ಕೂಟರಿಗೆ ಸೀಟಿನ ಹಿಂದೆ. ಕಾರಿನದು ಮಾತ್ರ ಕ್ರಮೇಣ ಡಿಕ್ಕಿಯೊಳಗೆ ಸೇರಿತು. ಧೂಳಿಲ್ಲ, ಕಳ್ಳರ ಭಯವಿಲ್ಲ, ನೋಡಲೂ ಚೆಂದ. ಆದರೆ ಸಾಮಾನು ತುಂಬಿದರೆ ಅದು ಎಲ್ಲದರ ಕೆಳಗೆ!

ಲಾರಿಯದು ಬೇರೆ ಲೆಕ್ಕ. ಅಷ್ಟು ಭಾರದ ಚಕ್ರವನ್ನು ಮೇಲಿಟ್ಟರೆ ಇಳಿಸುವುದು ಕಷ್ಟ, ಚಾಸಿಸ್ಸಿನ ಕೆಳಗೆ ತೂಗಿದರೆ ಕೆಸರು ಮೆತ್ತಿ ತುಕ್ಕು ಹಿಡಿದು ನಟ್ಟು ಬಿಚ್ಚುವುದಿಲ್ಲ. ಸಾಲದ ಲಾರಿಗಳ ತಪಾಸಣೆಗೆ ಹೋದಾಗ ನಾನು ಎಂಜಿನ್ ನಂಬರ್, ಚಾಸಿಸ್ ನಂಬರ್ ಬರೆದುಕೊಂಡ ಮೇಲೆ ಬಗ್ಗಿ ಕೆಳಗೆ ನೋಡುತ್ತಿದ್ದೆ. ಆರು ಚಕ್ರದ ಲಾರಿಗೆ ಏಳನೆಯದು ಇಲ್ಲವೆಂದರೆ ಮಾಲೀಕನ ಕೈ ಕಟ್ಟಿದೆ, ಮುಂದಿನ ಕಂತು ಅನುಮಾನ ಅಂತಲೇ ಅರ್ಥ. ಹಿರಿಯ ಮ್ಯಾನೇಜರ್ ಒಬ್ಬರು ಹೇಳಿಕೊಟ್ಟ ಪಾಠ ಅದು.

ಇಷ್ಟೆಲ್ಲಾ ಊರವರ ಸ್ಟೆಪ್ನಿ ನೋಡಿದವನು ನನ್ನದನ್ನು ನೋಡಿಕೊಂಡಿರಲಿಲ್ಲ. 1998ರಲ್ಲಿ ಗುಲ್ಬರ್ಗದಿಂದ ಅಣ್ಣನ ಫೋನ್ ಬಂತು, ಅಪ್ಪನಿಗೆ ಹುಷಾರಿಲ್ಲ, ತಕ್ಷಣ ಹೊರಡು ಅಂತ. ಹೆಂಡತಿ, ಮಕ್ಕಳು, ಎಷ್ಟು ದಿನವಾಗುತ್ತದೋ ಎಂದು ಡಿಕ್ಕಿ ತುಂಬಾ ಸಾಮಾನು. ಜಹೀರಾಬಾದ್ ದಾಟಿದ ಮೇಲೆ, ಹುಮನಾಬಾದಿಗೆ ಮುಂಚೆ, ಹಿಂದಿನ ಟೈರು ಹೋಯಿತು. ಕತ್ತಲಲ್ಲಿ ರಸ್ತೆ ಬದಿಗೆ ಎಲ್ಲ ಇಳಿಸಿ ಸ್ಟೆಪ್ನಿ ತೆಗೆದರೆ, ಅದರಲ್ಲೂ ಗಾಳಿಯಿಲ್ಲ. ಕಡೆಗೆ ಒಂದು ಲಾರಿಯವರು ನನ್ನನ್ನೂ ಚಕ್ರವನ್ನೂ ಹತ್ತಿಸಿಕೊಂಡು ಹೋಗಿ ಪಂಕ್ಚರ್ ಅಂಗಡಿಯವನನ್ನು ಎಬ್ಬಿಸಿದರು.

ಗುಲ್ಬರ್ಗ ಮುಟ್ಟಿದಾಗ ಬೆಳಗಾಗಿತ್ತು. ಅಪ್ಪ ಇದ್ದರು, ಆದರೆ ಮಾತು ನಿಂತಿತ್ತು. ರಾತ್ರಿ ಹನ್ನೊಂದರವರೆಗೂ "ಹೈದರಾಬಾದಿನಂವ ಬಂದನೇನು?" ಅಂತ ಕೇಳುತ್ತಿದ್ದರಂತೆ.

2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು, ಗಾಳಿಯ ಒತ್ತಡ ತೋರಿಸುವ ಸಾಧನ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಬೀದಿ ಬದಿಯಿಂದ ಬಂದದ್ದು ಮಡ್‌ಗಾರ್ಡು, ಬೆನ್ನು, ಡಿಕ್ಕಿ ದಾಟಿ ಈಗ ಕಾರಿನಿಂದಲೇ ಇಳಿಯುತ್ತಿದೆ. ಇಳಿಯಲಿ. ನನ್ನ ಕಾರಿನಲ್ಲಿ ಮಾತ್ರ ಇದೆ. ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಚಕ್ರಕ್ಕೆ ಗಾಳಿ ಹಾಕಿದ ಹುಡುಗ ಹೊರಟರೆ, ಡಿಕ್ಕಿ ತೆಗೆದು "ತಮ್ಮಾ, ಐದನೆಯದೂ ನೋಡು" ಅನ್ನುತ್ತೇನೆ.

ನಿಮ್ಮದರಲ್ಲಿ ಗಾಳಿ ನೋಡಿ ಎಷ್ಟು ದಿನವಾಯಿತು?