ಪರದೇಶದ ಕ್ರೀಡಾಂಗಣಗಳಲ್ಲಿ ನಮ್ಮವರು

ಚಿಂಬಲ್ ಗ್ರಾಮದ ಇಂದಿರಾನಗರದಲ್ಲಿ ಕನ್ನಡ ಮಾತನಾಡುವ ಮನೆಗಳು ಬಹಳ. ದುಡಿಮೆಗಾಗಿ ಘಟ್ಟವಿಳಿದು ಬಂದ ಉತ್ತರ ಕರ್ನಾಟಕದವರ ಮಕ್ಕಳು ನಮ್ಮ ಮುಂದೆ ಕುಳಿತು ಅಕ್ಷರ ಕಲಿಯುತ್ತಾರೆ. 2023ನೆಯ ಇಸವಿಯ ಮಾರ್ಚ್ ತಿಂಗಳ ಒಂದು ದಿನ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬನು ಎದ್ದು ನಿಂತು, “ಸರ, ಸೌದಿ ದೇಶದಾಗ ಕರ್ನಾಟಕದವರು ಫುಟ್‌ಬಾಲ್ ಕಪ್ ಗೆದ್ದಾರಂತ. ನಾವು ಗೋವಾದವರೋ, ಕರ್ನಾಟಕದವರೋ? ಚಪ್ಪಾಳಿ ಹೊಡೀಬೇಕೋ ಬ್ಯಾಡೋ, ಹೇಳ್ರಿ” ಎಂದು ಕೇಳಿದನು. ಉಳಿದ ಮಕ್ಕಳು ನಕ್ಕರು. ಅವನು ನಗಲಿಲ್ಲ.

ನಮಗೂ ಒಡನೆ ಉತ್ತರ ಹೊಳೆಯಲಿಲ್ಲ. ‘ನಾಳೆ ಹೇಳುತ್ತೇವೆ’ ಎಂದು ಅವನನ್ನು ಕೂಡಿಸಿದೆವು. ಮರುದಿನ ಗೋಡೆಗೆ ಜಗತ್ತಿನ ನಕ್ಷೆಯನ್ನು ತೂಗುಹಾಕಿ, ನಮ್ಮ ಎರಡು ನಾಡುಗಳ ಆಟಗಾರರು ಕಾಲಿಟ್ಟ ಪರದೇಶದ ಕ್ರೀಡಾಂಗಣಗಳನ್ನು ಮಕ್ಕಳೊಡನೆ ಒಂದೊಂದಾಗಿ ಸಂದರ್ಶಿಸಿದೆವು. ನಮಗೆ ವಿಮಾನವೂ ಇಲ್ಲ, ರಹದಾರಿಯೂ ಇಲ್ಲ. ಕೈಯಲ್ಲಿಯ ಕೋಲೇ ವಾಹನ. ಆ ಯಾತ್ರೆಯ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಹೆಸರಿನ ವಿಚಾರ. ಇಂದು ‘ಸ್ಟೇಡಿಯಂ’ ಎನ್ನುವ ಶಬ್ದವು ಪ್ರಾಚೀನ ಗ್ರೀಕರಲ್ಲಿ ಮೂಲತಃ ಒಂದು ದೂರದ ಅಳತೆಯಾಗಿತ್ತು. 600 ಗ್ರೀಕ್ ಅಡಿಗಳಿಗೆ ಒಂದು ಸ್ಟೇಡಿಯೋನ್. ಒಲಿಂಪಿಯಾದಲ್ಲಿ ಓಟದ ಹಾದಿಯು ಅಷ್ಟೇ ಉದ್ದ, ಎಂದರೆ ಸುಮಾರು 192 ಮೀಟರು. ಅಳತೆಯ ಹೆಸರು ಓಟಕ್ಕೆ ಬಂದಿತು. ಓಟದ ಹೆಸರು ಸ್ಥಳಕ್ಕೆ ನಿಂತಿತು. ಕಾಲ್ಚೆಂಡಿನ ಆಟವಾದರೋ ಇಂಗ್ಲೆಂಡಿನಲ್ಲಿ ನಿಯಮಬದ್ಧವಾಗಿ, ಅಲ್ಲಿಂದ ಜಗತ್ತಿಗೆ ಹರಡಿತು. ಗೋವೆಗೆ ಅದನ್ನು 1883ರಲ್ಲಿ ತಂದವರು ಶಿವೋಲಿಯಲ್ಲಿದ್ದ ವಿಲಿಯಂ ಲಾಯನ್ಸ್ ಎಂಬ ಪಾದ್ರಿಗಳೆಂದು ಇಲ್ಲಿಯ ಕ್ರೀಡಾ ಚರಿತ್ರೆಯು ಹೇಳುತ್ತದೆ. ಪೋರ್ತುಗೀಜರ ಆಳ್ವಿಕೆಯ ನಾಡಿಗೆ ಈ ಆಟವನ್ನು ತಂದವರು ಪೋರ್ತುಗೀಜರಲ್ಲ ಎಂಬುದು ಸೋಜಿಗದ ಸಂಗತಿ.

ನಮ್ಮ ಮೊದಲ ನಿಲುಗಡೆ ಲಂಡನ್ನಿನ ಬಳಿಯ ಇಲ್ಫರ್ಡ್. ಅಲ್ಲಿಯ ಕ್ರಿಕಲ್‌ಫೀಲ್ಡ್ ದೊಡ್ಡ ಕ್ರೀಡಾಂಗಣವೇನಲ್ಲ. ಆದರೆ 1948ನೆಯ ಜುಲೈ 31ರಂದು, ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬದಿದ್ದ ಭಾರತದ ತಂಡವು ಒಲಿಂಪಿಕ್ ಪಂದ್ಯದಲ್ಲಿ ಫ್ರಾನ್ಸ್ ದೇಶವನ್ನು ಎದುರಿಸಿದ್ದು ಇಲ್ಲಿಯೇ. ನಾಗಾ ನಾಡಿನ, ಮುಂದೆ ವೈದ್ಯರಾದ ತಾಲಿಮೆರೆನ್ ಆವೋ ನಾಯಕರು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಫ್ರಾನ್ಸ್ ಮೊದಲು ಒಂದು ಗೋಲು ಹೊಡೆಯಿತು. ಅದನ್ನು ಸರಿಗಟ್ಟಿದವರು ಮೈಸೂರು ಸಂಸ್ಥಾನದಿಂದ ಹೋಗಿದ್ದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಒದೆತಗಳು ವ್ಯರ್ಥವಾಗಿ, ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2–1ರಿಂದ ಗೆದ್ದಿತು. ಸೋತವರಿಗೂ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಮೈಸೂರಿನವರದೆಂದು ಕೇಳಿ ಮಕ್ಕಳು ಬೆಂಚು ಬಡಿದರು.

ಎರಡನೆಯದು ನಮ್ಮವರು ಕಾಣದೆ ಉಳಿದ ಕ್ರೀಡಾಂಗಣ. 1950ರಲ್ಲಿ ಬ್ರೆಜಿಲ್ ದೇಶದಲ್ಲಿ ವಿಶ್ವಕಪ್ ನಡೆದಾಗ ಭಾರತಕ್ಕೂ ಸ್ಥಾನವಿತ್ತು, ನಾವು ಹೋಗಲಿಲ್ಲ. ಬರಿಗಾಲಿನ ಆಟಕ್ಕೆ ಅಪ್ಪಣೆ ಸಿಗದ್ದರಿಂದ ಹೋಗಲಿಲ್ಲವೆಂಬ ಕಥೆ ಇಂದಿಗೂ ಬಾಯಿಂದ ಬಾಯಿಗೆ ಹರಿದಾಡುತ್ತದೆ. ಆದರೆ ಆಗಿನ ತಂಡದ ಶೈಲೇನ್ ಮನ್ನಾ ಅವರೇ ಇದನ್ನು ಒಪ್ಪಿರಲಿಲ್ಲ. ಒಲಿಂಪಿಕ್ ಕೂಟವನ್ನೇ ಹಿರಿದೆಂದು ಬಗೆದಿದ್ದ ನಮ್ಮ ಅಧಿಕಾರಿಗಳಿಗೆ ವಿಶ್ವಕಪ್ಪಿನ ಮಹತ್ವವು ತಿಳಿದಿರಲಿಲ್ಲ ಎಂಬುದೇ ಸತ್ಯಕ್ಕೆ ಹತ್ತಿರವಾದ ಮಾತು. ಆ ವರ್ಷ ಜುಲೈ 16ರಂದು ರಿಯೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಟಿಕೆಟ್ಟು ಕೊಂಡು ಕುಳಿತವರೇ 1,73,850 ಮಂದಿ. ಅಷ್ಟು ಜನರ ಎದುರಿಗೆ ಬ್ರೆಜಿಲ್, ಪುಟ್ಟ ಉರುಗ್ವೆಗೆ 2–1ರಿಂದ ಸೋತಿತು. ಸುಲಭವಾಗಿ ನಂಬುವಂತಿರುವ ಕಥೆ ಸತ್ಯವಾಗಿರಲೇಬೇಕೆಂದಿಲ್ಲ ಎಂಬ ಪಾಠವನ್ನು ಮಕ್ಕಳು ಇಲ್ಲಿ ಕಲಿಯಲಿ ಎಂದೇ ಈ ನಿಲುಗಡೆ.

ಮೂರನೆಯದು ಫಿನ್ಲೆಂಡಿನ ಹೆಲ್ಸಿಂಕಿ. 1952ರಲ್ಲಿ ನಮ್ಮವರು ಅಲ್ಲಿ ಯುಗೋಸ್ಲಾವಿಯಕ್ಕೆ 10–1ರಿಂದ ಸೋತರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್. ಬರಿಗಾಲಿನ ಯುಗವು ಆ ಸೋಲಿನೊಂದಿಗೆ ಮುಗಿದು, ಬೂಟು ಕಡ್ಡಾಯವಾಯಿತು. ಸೋಲನ್ನು ಮಕ್ಕಳಿಂದ ಮುಚ್ಚಿಡಬಾರದೆಂಬುದು ನಮ್ಮ ಮತ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಈ ಅಹ್ಮದ್ ಖಾನರು ಬೆಂಗಳೂರಿನವರಾದರೂ ಹೆಸರು ಗಳಿಸಿದ್ದು ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘದಲ್ಲಿ. ಹುಟ್ಟಿದ ಊರು ಒಂದು, ಬೆವರು ಸುರಿಸಿದ ಊರು ಇನ್ನೊಂದು. ನಮ್ಮ ಮಕ್ಕಳ ತಂದೆತಾಯಿಗಳ ಕಥೆಯೂ ಇದೇ ಅಲ್ಲವೆ?

ಮುಂದೆ 1956ರ ಮೆಲ್ಬರ್ನ್. ಆತಿಥೇಯರಾದ ಆಸ್ಟ್ರೇಲಿಯದವರನ್ನು ಭಾರತವು 4–2ರಿಂದ ಸೋಲಿಸಿದಾಗ ಮೂರು ಗೋಲುಗಳನ್ನು ಹೊಡೆದವರು ನೆವಿಲ್ ಡಿಸೋಜ. ಅವರು ಗೋವೆಯ ಮೂಲದವರು. ಆಗ ಗೋವೆ ಇನ್ನೂ ಪೋರ್ತುಗೀಜರ ವಶದಲ್ಲಿತ್ತು. 1961ರ ಡಿಸೆಂಬರ್ 19ರಂದು ಗೋವೆ ವಿಮುಕ್ತವಾಯಿತು. ಒಂಬತ್ತು ತಿಂಗಳೂ ಕಳೆದಿರಲಿಲ್ಲ. 1962ರ ಸೆಪ್ಟೆಂಬರ್ 4ರಂದು ಜಕಾರ್ತದ ಸೆನಯಾನ್ ಕ್ರೀಡಾಂಗಣದಲ್ಲಿ ಏಷ್ಯಾ ಕ್ರೀಡಾಕೂಟದ ಚಿನ್ನಕ್ಕಾಗಿ ಸೆಣಸಿದ ತಂಡದಲ್ಲಿ ಇಲ್ಲಿಯ ಕೊಲ್ವಾಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಫೊರ್ತುನಾತೊ ಫ್ರಾಂಕೊ ಇದ್ದರು. ಇಸ್ರೇಲ್ ಮತ್ತು ತೈವಾನ್ ದೇಶದವರನ್ನು ಕೂಟದಿಂದ ದೂರವಿಟ್ಟಿದ್ದನ್ನು ಭಾರತದ ಗುರುದತ್ತ ಸೋಂಧಿಯವರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನ ನಮ್ಮ ಮೇಲೆ ಕೆರಳಿದ್ದರು. ಕಿಕ್ಕಿರಿದ ಪ್ರೇಕ್ಷಕರು ನಮ್ಮವರ ವಿರುದ್ಧ ಕೂಗುತ್ತಿರಲು, ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್ ಒಂದು, ಪಿ. ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದು, ದಕ್ಷಿಣ ಕೊರಿಯಾವನ್ನು 2–1ರಿಂದ ಮಣಿಸಿದರು.

ಅನಂತರ ನಮ್ಮ ಕೋಲು ಬಹುಕಾಲ ಅಲೆಯಿತು. 2008ರಲ್ಲಿ ಗೋವೆಯ ಡೆಂಪೊ ಸಂಘವು ಏಷ್ಯಾ ಒಕ್ಕೂಟದ ಕಪ್ಪಿನಲ್ಲಿ ಉಪಾಂತ್ಯದವರೆಗೆ ನಡೆಯಿತು. 2016ರ ನವೆಂಬರ್ 5ರಂದು ಕತಾರಿನ ದೋಹಾದಲ್ಲಿ ಬೆಂಗಳೂರು ಸಂಘವು ಅದೇ ಕಪ್ಪಿನ ಅಂತಿಮ ಪಂದ್ಯವನ್ನು ಆಡಿತು. ಅಲ್ಲಿಯವರೆಗೆ ತಲುಪಿದ ಮೊದಲ ಭಾರತೀಯ ಸಂಘವದು. ಇರಾಕಿನವರಿಗೆ ಒಂದೇ ಗೋಲಿನಿಂದ ಸೋತಿತು.

ಕೊನೆಗೆ ರಿಯಾಧ್. ಸಂತೋಷ್ ಟ್ರೋಫಿ ಎಂದರೆ ಆನಂದದ ಕಪ್ಪೆಂದು ಮಕ್ಕಳು ತಿಳಿದಿದ್ದರು. ಅದು, ಇಂದು ಬಾಂಗ್ಲಾದೇಶದಲ್ಲಿರುವ ಸಂತೋಷ್ ಎಂಬ ಜಮೀನುದಾರಿಯ ಹೆಸರು. 1941ರಿಂದ ರಾಜ್ಯ ರಾಜ್ಯಗಳ ನಡುವೆ ನಡೆದು ಬಂದ ಈ ಪಂದ್ಯಾವಳಿಯ ಕೊನೆಯ ಪಂದ್ಯಗಳು ಪರದೇಶದಲ್ಲಿ ನಡೆದದ್ದು 2023ರಲ್ಲಿಯೇ ಮೊದಲು. ಡೇರೆಯಂಥ ಚಾವಣಿಯ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಮಾರ್ಚ್ 4ರಂದು ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿತು. ಇದಕ್ಕೆ ಹಿಂದೆ ಗೆದ್ದದ್ದು 54 ವರ್ಷಗಳ ಮೊದಲು, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ಕರ್ನಾಟಕವೆಂಬ ಹೆಸರಿನಲ್ಲಿ ಇದು ಮೊದಲ ಗೆಲುವು. ಗೋವೆಯೂ ಈ ಟ್ರೋಫಿಯನ್ನು ಹಲವು ಬಾರಿ ಗೆದ್ದ ನಾಡೇ.

ಯಾತ್ರೆ ಮುಗಿಸಿ ನಕ್ಷೆಯ ಮೇಲೆ ಮಡಗಾಂವಿನ ಫಾತೊರ್ಡಾಕ್ಕೆ ಮರಳಿದೆವು. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನ ಪಂದ್ಯಗಳು ಇಲ್ಲಿಯೂ ನಡೆದು, ಇರಾನಿನ ಹುಡುಗರು ಜರ್ಮನಿಯ ಹುಡುಗರನ್ನು 4–0ರಿಂದ ಸೋಲಿಸಿದರು. ಅವರಿಗೆ ಇದೇ ಪರದೇಶದ ಕ್ರೀಡಾಂಗಣ. ಒಬ್ಬರ ಪರದೇಶವು ಇನ್ನೊಬ್ಬರ ಮನೆಯಂಗಳ.

ಆಗ ಆ ಹುಡುಗನಿಗೆ ಹೇಳಿದೆವು: “ಕರ್ನಾಟಕ ಗೆದ್ದರೆ ಚಪ್ಪಾಳೆ ತಟ್ಟು, ಅದು ನಿನ್ನ ಅಜ್ಜನ ನಾಡು. ಗೋವೆ ಗೆದ್ದರೆ ಚಪ್ಪಾಳೆ ತಟ್ಟು, ಇದು ನಿನಗೆ ಅನ್ನ ಕೊಟ್ಟ ನಾಡು. ಒಂದು ಕೈಯಿಂದ ಚಪ್ಪಾಳೆಯಾಗದು.”

ಅವನು ಸ್ವಲ್ಪ ಹೊತ್ತು ಯೋಚಿಸಿ, “ಎರಡೂ ಎದುರಾಬದರಾ ಆಡಿದರ, ಸರ?” ಎಂದನು.

ಈ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ. ಚೆನ್ನಾಗಿ ಆಡಿದವರಿಗೆ ಎಂದು ಹೇಳಿದೆವು; ಅದು ಗುರುಗಳ ಬಾಯಿಯ ಮಾತಾಯಿತೇ ಹೊರತು ಅವನ ಮನಸ್ಸಿಗೆ ಹಿಡಿಸಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಸಂಜೆ ನೋಡಿದರೆ ಅವನು ಬರಿಗಾಲಿನಲ್ಲಿ, ಎರಡು ಕಲ್ಲುಗಳ ನಡುವೆ ಗೋಲು ಕಾಯುತ್ತಿದ್ದನು. ಕೊಂಕಣಿಯ ಹುಡುಗರೂ ಕನ್ನಡದ ಹುಡುಗರೂ ಎರಡು ಕಡೆಗಳಲ್ಲಿಯೂ ಬೆರೆತಿದ್ದರು.