ಹಸ್ತಾಕ್ಷರವುಳ್ಳ ಮೊದಲ ಮುದ್ರಣಗಳು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಸಾಕ್ಷ್ಯಗಳು

ಲೇಖಕರು ಸ್ವಹಸ್ತದಿಂದ ಬರೆದುಕೊಟ್ಟ ಮೊದಲ ಮುದ್ರಣದ ಪ್ರತಿಗಳನ್ನು ಅರಸಿ ಕೂಡಿಡುವ ಪರಿಪಾಠವನ್ನು ಕನ್ನಡದ ಸಂದರ್ಭದಲ್ಲಿ ಪರಿಶೀಲಿಸುವಾಗ ಮೊದಲಿಗೆ ಕೆಲವು ಭೇದಗಳನ್ನು ಗುರುತಿಸಬೇಕಾಗುತ್ತದೆ. ಬರಿಯ ರುಜುವುಳ್ಳ ಪ್ರತಿ ಬೇರೆ. ಪಡೆಯುವವರ ಹೆಸರು, ದಿನಾಂಕ, ವಿಶ್ವಾಸದ ಒಂದೆರಡು ಮಾತು ಸಹಿತವಾಗಿ ಕೊಟ್ಟ ಪ್ರತಿ ಬೇರೆ. ಪಡೆದವರು ಆ ಕೃತಿಯ ಹುಟ್ಟಿಗೋ ಲೇಖಕರ ಬಾಳಿಗೋ ನಿಕಟವಾಗಿದ್ದವರಾದರೆ, ಇಲ್ಲಿ ‘ಸಂಬಂಧಪ್ರತಿ’ ಎಂದು ಕರೆಯಲಾಗುವ ಅಂಥ ಪುಸ್ತಕ ಸಾಹಿತ್ಯಚರಿತ್ರೆಯ ಆಕರವೇ ಆಗುತ್ತದೆ. ರುಜುವಿಗೆ ಬೆಲೆ ಕಟ್ಟುವುದು ಸಂಗ್ರಾಹಕರ ರೂಢಿಯಾದರೂ, ಅದರ ಸತ್ವವಿರುವುದು ಬರೆದ ಕೈಯ ಪರಿಚಯವನ್ನೂ ಕೊಟ್ಟು ಪಡೆದವರ ನಂಟನ್ನೂ ಉಳಿಸುವುದರಲ್ಲಿ ಎಂಬುದನ್ನು ಈ ಎರಡು ತಾಲ್ಲೂಕುಗಳ ಸಾಮಗ್ರಿ ಸ್ಪಷ್ಟಪಡಿಸುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ನಮೂದಿಸಿದ್ದಾನೆ. ಉಳಿದ ಪಾಠವೆಲ್ಲ ಬ್ರಾಹ್ಮಿಯಲ್ಲಿದ್ದರೂ, ಲಿಪಿಕಾರನೆಂಬ ತನ್ನ ವೃತ್ತಿಯನ್ನು ಮಾತ್ರ ಆತ ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿರುವುದರಿಂದ ಅವನು ಆ ಸೀಮೆಯ ಬರವಣಿಗೆಯಲ್ಲಿ ಪಳಗಿದ್ದವನೆಂದು ವಿದ್ವಾಂಸರು ಊಹಿಸಿದ್ದಾರೆ. ಆಜ್ಞೆ ಅರಸನದು, ಅಕ್ಷರ ಚಪಡನದು. ಆದ್ದರಿಂದ ಇದನ್ನು ಗ್ರಂಥಕರ್ತನ ರುಜುವೆನ್ನಲಾಗದು. ಆದರೂ ಪಠ್ಯವೊಂದರ ಅಂಚಿನಲ್ಲಿ ಉಳಿದ ಒಂದೇ ಪದ ಬರೆದವನ ಹಿನ್ನೆಲೆಯನ್ನು ಎಷ್ಟರಮಟ್ಟಿಗೆ ತಿಳಿಸಬಲ್ಲದೆಂಬುದಕ್ಕೆ ಈ ನಾಡಿನಲ್ಲಿ ಇದಕ್ಕಿಂತ ಹಳೆಯ ನಿದರ್ಶನ ಸಿಗುವುದು ಕಷ್ಟ.

ಮುದ್ರಣಯುಗದಲ್ಲಿ ಈ ವಿಚಾರಕ್ಕೆ ಹೆಚ್ಚು ಪ್ರಸ್ತುತವಾದದ್ದು ಚಳ್ಳಕೆರೆ ತಾಲ್ಲೂಕಿನ ತಳುಕು. ಅಲ್ಲಿ 1885ರಲ್ಲಿ ಜನಿಸಿ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರು ಹರಿಹರನ ‘ಬಸವರಾಜದೇವರ ರಗಳೆ’ಯ ಸಂಪಾದನೆಯಂಥ ಕೆಲಸಗಳನ್ನು ಮಾಡಿದರೂ, ಸ್ವಂತ ಗ್ರಂಥಗಳಿಗಿಂತ ಶಿಷ್ಯರ ಗ್ರಂಥಗಳಲ್ಲಿ ಹೆಚ್ಚು ಜೀವಂತವಾಗಿದ್ದಾರೆ. ಅವರು ತೀರಿಕೊಂಡದ್ದು 1939ರಲ್ಲಿ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಪ್ರಕಟವಾದದ್ದು 1949ರಲ್ಲಿ. ಗುರುವಿನ ಕೈಗೆ ಬರೆದುಕೊಡಲಾಗದೆ ಹೋದ ಒಕ್ಕಣೆಯ ಸ್ಥಾನದಲ್ಲಿ ಮಹಾಕಾವ್ಯದ ಮೊದಲಿಗೆ ಪದ್ಯರೂಪದ ಅರ್ಪಣೆ ಅಚ್ಚಾಗಿ ನಿಂತಿತು. ಹಸ್ತಾಕ್ಷರ ಒಂದು ಪ್ರತಿಗೆ ಸೇರಿದ್ದು, ಮುದ್ರಿತ ಅರ್ಪಣೆ ಎಲ್ಲ ಪ್ರತಿಗಳಿಗೂ ಸೇರಿದ್ದು ಎಂಬ ವ್ಯತ್ಯಾಸ ಇಲ್ಲಿ ಅತ್ಯಂತ ಹೃದ್ಯವಾಗಿ ಗೋಚರಿಸುತ್ತದೆ. ಈ ಕಾವ್ಯದ ಮೊದಲ ಮುದ್ರಣವನ್ನು ತಳುಕಿನ ಸೀಮೆಯ ಗ್ರಂಥಾಲಯವೊಂದು ಜೋಪಾನ ಮಾಡುವುದಾದರೆ ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಅದೇ ತಳುಕಿನ ಮನೆತನದ ತ.ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ 1982ರಲ್ಲಿ ಹೊರಬಂದಿತು. 1984ರಲ್ಲಿ ಲೇಖಕರು ನಿಧನರಾದರು. ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. ಹೀಗಾಗಿ ಈ ಕಾದಂಬರಿಯ ರುಜುವಿನ ಪ್ರತಿಗಳೆಲ್ಲ ಸುಮಾರು ಎರಡು ವರ್ಷಗಳ ಅವಧಿಗೆ ಸೇರಿರಲೇಬೇಕು, ಪ್ರಶಸ್ತಿಯ ನಂತರದ ದಿನಾಂಕವುಳ್ಳ ರುಜು ಕೃತಕವೆಂದು ಧಾರಾಳವಾಗಿ ಹೇಳಬಹುದು. ಇದಕ್ಕೆ ವ್ಯತಿರಿಕ್ತವಾಗಿ, ‘ಯೇಗ್ದಾಗೆಲ್ಲಾ ಐತೆ’ ಬರೆದ, ಇದೇ ಸೀಮೆಯ ಬೆಳಗೆರೆ ಕೃಷ್ಣಶಾಸ್ತ್ರಿಗಳು 2013ರವರೆಗೆ ಬದುಕಿದ್ದು, ಅವರ ಪುಸ್ತಕ ಹಲವು ಮುದ್ರಣಗಳನ್ನು ಕಂಡಿರುವುದರಿಂದ, ಅಲ್ಲಿ ರುಜು ಅಸಲಿಯಾಗಿದ್ದ ಮಾತ್ರಕ್ಕೆ ಪ್ರತಿ ಮೊದಲನೆಯದೆನ್ನಲು ಬರುವುದಿಲ್ಲ.

ಆದಕಾರಣ ಶೀರ್ಷಿಕೆಪುಟದ ಹಿಂಬದಿಯನ್ನು ಓದುವುದು ಅನಿವಾರ್ಯ. ಕನ್ನಡ ಪ್ರಕಾಶಕರು ಅಲ್ಲಿ ಮುದ್ರಣದ ಕ್ರಮಸಂಖ್ಯೆ ಹಾಗೂ ವರ್ಷವನ್ನೂ, ಅನೇಕ ವೇಳೆ ಅಚ್ಚುಹಾಕಿದ ಪ್ರತಿಗಳ ಸಂಖ್ಯೆಯನ್ನೂ ನಮೂದಿಸುವುದುಂಟು. ಒಕ್ಕಣೆ ಸಾಮಾನ್ಯವಾಗಿ ಇರುವುದು ರಟ್ಟಿನ ಒಳಗಿನ ಖಾಲಿ ಹಾಳೆಯಲ್ಲಿ. ಪುಸ್ತಕ ಸಡಿಲವಾದಾಗ ಬೈಂಡಿಂಗ್‌ನವರು ಮೊದಲು ಕಿತ್ತೆಸೆಯುವುದೂ ಅದನ್ನೇ. ಮರುಕಟ್ಟಿಸುವ ಮುನ್ನ ಆ ಹಾಳೆಯನ್ನು ಪಠ್ಯದ ಜೊತೆಗೇ ಹೊಲಿಯಬೇಕೆಂದು ಗ್ರಂಥಾಲಯಗಳು ಬರೆಹದಲ್ಲಿ ಸೂಚಿಸುವುದು, ಪಡೆದವರ ಹೆಸರನ್ನು ಸೂಚಿಯಲ್ಲಿ ಸೇರಿಸುವುದು ತುರ್ತಾಗಿ ಆಗಬೇಕಾದ ಕೆಲಸ.