ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಒಂದು ಫುಟ್‌ಬಾಲ್ ತಂಡದ ಮರಣದಂಡನೆ

ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಎದುರಾಳಿಗಳನ್ನು ಕೆಡವುತ್ತ ನುಗ್ಗುವ ಆಟ ಅದು. ಅಲ್ಲಿನ ಅತಿ ದೊಡ್ಡ ಕ್ರೀಡಾಂಗಣಗಳಲ್ಲಿ ಹಲವು ವಿಶ್ವವಿದ್ಯಾಲಯಗಳಿಗೆ ಸೇರಿದವು. ಶನಿವಾರ ಬಂತೆಂದರೆ ಕೆಲವೆಡೆ ಲಕ್ಷ ಜನ ಟಿಕೆಟ್ ಕೊಂಡು ಕಾಲೇಜು ಹುಡುಗರ ಆಟ ನೋಡುತ್ತಾರೆ. ಟಿಕೆಟ್, ಟಿವಿ, ದಾನಿಗಳ ಹಣವೆಲ್ಲ ಸಂಸ್ಥೆಗೆ. ಆಡುವ ಹುಡುಗನಿಗೆ ಬಹುಕಾಲ ನ್ಯಾಯವಾಗಿ ಸಿಗುತ್ತಿದ್ದದ್ದು ಶುಲ್ಕ, ಊಟ, ವಸತಿ, ಪುಸ್ತಕಗಳಷ್ಟೇ.

ಈ ಏರ್ಪಾಟನ್ನು ಕಾಯುತ್ತಿದ್ದದ್ದು ಎನ್‌ಸಿಎಎ ಎಂಬ ಸಂಸ್ಥೆ. 1905ರಲ್ಲಿ ಮೈದಾನದಲ್ಲೇ ಹುಡುಗರು ಸಾಯತೊಡಗಿದಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದ. ಮರುವರ್ಷ ಅದು ಹುಟ್ಟಿತು. ಆಟಗಾರರನ್ನು ಅದು ಕರೆಯುವುದು 'ವಿದ್ಯಾರ್ಥಿ-ಕ್ರೀಡಾಪಟು' ಎಂದು. ಕೇಳಲು ಗೌರವದ ಮಾತೇ. ಆದರೆ 1950ರ ದಶಕದಲ್ಲಿ ಈ ಪದವನ್ನು ಬಳಕೆಗೆ ತಂದದ್ದು ಆಟಗಾರರು ನೌಕರರೆಂದು ಪರಿಗಣಿತವಾಗದಿರಲಿ ಎಂಬ ಲೆಕ್ಕಾಚಾರದಿಂದ. ಇದನ್ನು ಆಗ ಸಂಸ್ಥೆಯನ್ನು ನಡೆಸುತ್ತಿದ್ದ ವಾಲ್ಟರ್ ಬೈಯರ್ಸ್ ಮುಂದೆ ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಂಡ. 1955ರಲ್ಲಿ ಕೊಲರಾಡೊದ ಆಟಗಾರನೊಬ್ಬ ತಲೆಗೆ ಪೆಟ್ಟು ಬಿದ್ದು ಸತ್ತ. ಅವನ ಹೆಂಡತಿ ಕಾರ್ಮಿಕ ಪರಿಹಾರ ಕೇಳಿದಳು. 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕೊಡಲಾಗದು ಎಂದಿತು.

ಮುಂಬಾಗಿಲಲ್ಲಿ ಕೊಡಬಾರದೆಂದ ಹಣ ಹಿತ್ತಲ ಬಾಗಿಲಿನಿಂದ ಹೋಗತೊಡಗಿತು. ಪ್ರತಿಭಾವಂತ ಹುಡುಗನಿಗೆ ಹತ್ತಾರು ಕಾಲೇಜುಗಳು ಗಾಳ ಹಾಕುತ್ತವೆ. ತಂಡದ ಅಭಿಮಾನಿಗಳಾದ ಹಳೆಯ ವಿದ್ಯಾರ್ಥಿಗಳು, ಉದ್ಯಮಿಗಳು (ಅವರನ್ನು ಬೂಸ್ಟರ್‌ಗಳೆನ್ನುತ್ತಾರೆ) ಜೇಬು ಬಿಚ್ಚುತ್ತಾರೆ. ಇದರ ಅತಿ ಪ್ರಸಿದ್ಧ ಕಥೆ ಟೆಕ್ಸಾಸ್‌ನ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ್ದು, ಎಸ್‌ಎಂಯುದ್ದು.

ಚರ್ಚಿನ ಆಶ್ರಯದಲ್ಲಿ 1911ರಲ್ಲಿ ಸ್ಥಾಪನೆಯಾದ ಖಾಸಗಿ ಸಂಸ್ಥೆ ಅದು. ಎಣ್ಣೆ ದುಡ್ಡಿನ ಊರು, ಸುತ್ತಲೂ ದೊಡ್ಡ ಪ್ರತಿಸ್ಪರ್ಧಿಗಳು. 1982ರಲ್ಲಿ ತಂಡ ಒಂದೂ ಪಂದ್ಯ ಸೋಲದೆ ದೇಶದ ಎರಡನೆಯ ಸ್ಥಾನಕ್ಕೇರಿತು. ಗೆಲುವಿನ ಹಿಂದೆ ಲಕೋಟೆಗಳೂ ಓಡಾಡುತ್ತಿದ್ದವು. 1985ರಲ್ಲಿ ಎನ್‌ಸಿಎಎ ಮೂರು ವರ್ಷಗಳ ಪ್ರೊಬೇಷನ್ ವಿಧಿಸಿತು. ಅದೇ ವರ್ಷ ಕಾಲೇಜುಗಳೆಲ್ಲ ಸೇರಿ ಹೊಸ ನಿಯಮ ಮಾಡಿದವು: ಐದು ವರ್ಷಗಳೊಳಗೆ ಎರಡನೇ ಬಾರಿ ದೊಡ್ಡ ತಪ್ಪಿನಲ್ಲಿ ಸಿಕ್ಕಿಬಿದ್ದರೆ ಆಟವನ್ನೇ ನಿಲ್ಲಿಸಬಹುದು. ಜನ ಅದಕ್ಕಿಟ್ಟ ಹೆಸರು 'ಮರಣದಂಡನೆ'.

ಎಸ್‌ಎಂಯು ಎಚ್ಚೆತ್ತುಕೊಳ್ಳಲಿಲ್ಲ. 1986ರ ನವೆಂಬರಿನಲ್ಲಿ ಮಾಜಿ ಆಟಗಾರನೊಬ್ಬ ಡಲ್ಲಾಸಿನ ಟಿವಿ ವಾಹಿನಿಯಲ್ಲಿ, ತಂಡ ಸೇರುವುದಕ್ಕೆ ತನಗೆ 25,000 ಡಾಲರ್ ಕೊಟ್ಟಿದ್ದರೆಂದ. ವಿಶ್ವವಿದ್ಯಾಲಯದ ಅಧ್ಯಕ್ಷ, ಕ್ರೀಡಾ ನಿರ್ದೇಶಕ, ತರಬೇತುದಾರ ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. 1987ರ ಫೆಬ್ರವರಿ 25ರಂದು ತೀರ್ಪು ಬಂತು. ಬೂಸ್ಟರ್ ಒಬ್ಬನ ಹಣದಿಂದ 13 ಆಟಗಾರರಿಗೆ ಸುಮಾರು 61,000 ಡಾಲರ್ ಸಂದಾಯವಾಗಿತ್ತು. 1987ರ ಆಟ ಪೂರ್ತಿ ರದ್ದು. 1988ರಲ್ಲಿ ತವರಿನ ಪಂದ್ಯಗಳಿಲ್ಲ. ಬರೀ ಪರಊರಿನಲ್ಲಿ ಆಡಿ ಏನು ಪ್ರಯೋಜನವೆಂದು ವಿಶ್ವವಿದ್ಯಾಲಯವೇ ಆ ವರ್ಷದ್ದನ್ನೂ ಕೈಬಿಟ್ಟಿತು.

ನಿಜವಾದ ಆಘಾತ ಮಾರ್ಚ್ ತಿಂಗಳಿನದು. ಬಿಲ್ ಕ್ಲೆಮೆಂಟ್ಸ್ ಆಗ ಟೆಕ್ಸಾಸ್‌ನ ಗವರ್ನರ್. ಅಲ್ಲಿ ಗವರ್ನರ್ ಎಂದರೆ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ. ಅದಕ್ಕೂ ಮೊದಲು ಆತ ಎಸ್‌ಎಂಯು ಆಡಳಿತ ಮಂಡಳಿಯ ಅಧ್ಯಕ್ಷ. ಪ್ರೊಬೇಷನ್ ಇದ್ದಾಗಲೂ ಹಣ ಸಲ್ಲುತ್ತಿದ್ದದ್ದು ತನಗೆ ಗೊತ್ತಿತ್ತೆಂದೂ, ಮಾತು ಕೊಟ್ಟವರಿಗೆ ಕೊಡುತ್ತ ಹೋಗಿ ಕ್ರಮೇಣ ನಿಲ್ಲಿಸೋಣವೆಂಬ ತೀರ್ಮಾನದಲ್ಲಿ ತಾನಿದ್ದೆನೆಂದೂ ಆತ ಪತ್ರಕರ್ತರೆದುರು ಒಪ್ಪಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೆಥಡಿಸ್ಟ್ ಬಿಷಪ್ಪರ ಸಮಿತಿ ಜೂನ್‌ನಲ್ಲಿ ವಿವರವಾದ ವರದಿ ಕೊಟ್ಟಿತು. ಆ ಮಂಡಳಿ ರದ್ದಾಯಿತು. ಕ್ಲೆಮೆಂಟ್ಸ್ ಮಾತ್ರ 1991ರ ಜನವರಿಯವರೆಗೆ, ಅವಧಿ ಮುಗಿಯುವ ತನಕ, ಗವರ್ನರ್ ಆಗಿಯೇ ಉಳಿದ.

ಬರೆ ಬಿದ್ದದ್ದು ಯಾರಿಗೆ? ಒಂದು ಡಾಲರನ್ನೂ ಮುಟ್ಟದ ಆಟಗಾರರು ಬೇರೆ ಕಾಲೇಜು ಹುಡುಕಿಕೊಂಡು ಹೋದರು. 1989ರಲ್ಲಿ ಎಳೆಯರನ್ನೇ ಕಟ್ಟಿಕೊಂಡು ಮರಳಿದ ತಂಡವನ್ನು ಹ್ಯೂಸ್ಟನ್ 95-21ರಿಂದ ಬಡಿಯಿತು. ತಪ್ಪು ನಡೆದಾಗ ಆ ಹುಡುಗರಲ್ಲಿ ಹೆಚ್ಚಿನವರು ಹೈಸ್ಕೂಲಿನಲ್ಲಿದ್ದರು. ಋತುವಿನ ಕೊನೆಗೆ ಗೆದ್ದ ತಂಡಗಳು ಆಡುವ 'ಬೌಲ್' ಪಂದ್ಯಕ್ಕೆ ಎಸ್‌ಎಂಯು ಮತ್ತೆ ಕಾಲಿಡಲು 2009ರವರೆಗೆ ಕಾಯಬೇಕಾಯಿತು. ಇಷ್ಟು ಘೋರ ಪರಿಣಾಮ ಕಂಡ ಮೇಲೆ ಎನ್‌ಸಿಎಎ ಯಾವ ದೊಡ್ಡ ಫುಟ್‌ಬಾಲ್ ತಂಡಕ್ಕೂ ಆ ಶಿಕ್ಷೆ ವಿಧಿಸಿಲ್ಲ.

ಕಾಲ ತಿರುಗಿತು. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಪ್ರಕರಣದಲ್ಲಿ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತಿತು. ಅದೇ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ರಾಜಾರೋಷವಾಗಿ ಗಳಿಸಬಹುದಾಯಿತು. 2025ರಲ್ಲಿ ನ್ಯಾಯಾಲಯ ಒಪ್ಪಿದ ಒಡಂಬಡಿಕೆಯ ಪ್ರಕಾರ ಒಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ನೇರವಾಗಿ ಹಂಚಬಹುದು. ಎಸ್‌ಎಂಯು ತಂಡವನ್ನು ಕೊಂದ 61,000 ಡಾಲರ್ ಇಂದು ಚಿಲ್ಲರೆ.

ಹಾಗೆಂದು 1987ರ ಪ್ರಕರಣ ಬರೀ ಅವಸರದ ಶಿಕ್ಷೆಯೆಂದು ತಳ್ಳಿಹಾಕುವಂತಿಲ್ಲ. ಹುಡುಗರಿಗೆ ಹಣ ಕೊಡುವುದು ಇಂದು ತಪ್ಪಲ್ಲ. ಆದರೆ ನಿಲ್ಲಿಸಿದ್ದೇವೆಂದು ತೋರಿಸಿಕೊಂಡು ಒಳಗೊಳಗೇ ಕೊಟ್ಟವರ ವಂಚನೆ ಯಾವ ನಿಯಮ ಬದಲಾದರೂ ವಂಚನೆಯೇ. ಹಣದ ಲೆಕ್ಕ ಈಗ ಬಹಿರಂಗವಾಗಿದೆ. ಮೇಲಿನವರು ಎಡವಿದಾಗ ಉತ್ತರ ಹೇಳಬೇಕಾದವರು ಯಾರು ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ.